ಐಹೊಳೆಯ ಐನೂರ್ವರೂ ಪರದೇಶದ ವ್ಯಾಪಾರವೂ



ಉತ್ತರ ಕರ್ನಾಟಕದ ದನದ ಸಂತೆಗಳಿಗೆ ನೀವು ಹೋಗಿದ್ದರೆ ಒಂದು ದೃಶ್ಯವನ್ನು ನೋಡಿರುತ್ತೀರಿ. ಎತ್ತಿನ ಒಡೆಯನೂ ಕೊಳ್ಳುವವನ ಪರವಾದ ದಲ್ಲಾಳಿಯೂ ಎದುರುಬದುರು ನಿಂತು, ಕೈಗಳ ಮೇಲೆ ಒಂದು ವಸ್ತ್ರವನ್ನು ಹೊದಿಸಿಕೊಂಡು, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. ಬಾಯಿಂದ ಬೆಲೆಯ ಮಾತು ಹೊರಡುವುದಿಲ್ಲ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಸಂತೆಯ ರೂಢಿ ಬಲ್ಲವನಿಗೆ ಇದು ಸಲೀಸಾದ ಕೆಲಸ. ಆದರೆ ದೂರದ ನಾಡಿನಿಂದ ಬಂದ ಹೊಸಬನ ಸ್ಥಿತಿಯನ್ನು ಯೋಚಿಸಿ ನೋಡಿ. ಅವನ ಕಿಸೆಯಲ್ಲಿ ಹಣವಿದೆ, ಅವನಿಗೆ ಎತ್ತು ಬೇಕಾಗಿದೆ, ಮಾರುವವನಿಗೂ ಮಾರುವ ಇಚ್ಛೆಯಿದೆ. ಆದರೂ ವ್ಯಾಪಾರ ಕುದುರುವುದಿಲ್ಲ. ಇಬ್ಬರ ನಡುವೆ ಅಡ್ಡ ಬಂದದ್ದು ಬೆಲೆಯಲ್ಲ, ರೂಢಿ.

ಒಂದು ಸಂತೆಯಲ್ಲಿಯೇ ಹೀಗಾದರೆ, ಭಾಷೆ, ನಾಣ್ಯ, ದೇವರು, ಊಟ, ಕಾನೂನು ಎಲ್ಲವೂ ಬೇರೆಯಾದ ಎರಡು ದೇಶಗಳ ನಡುವೆ ವ್ಯಾಪಾರ ನಡೆಯುವುದಾದರೂ ಹೇಗೆ? ಇಂದು ವಾಣಿಜ್ಯ ಮತ್ತು ಆಡಳಿತಶಾಸ್ತ್ರ ಓದುವ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಒಂದು ಪ್ರತ್ಯೇಕ ವಿಷಯವಾಗಿಯೇ ಅಭ್ಯಾಸ ಮಾಡುತ್ತಾರೆ. ಅವರ ಪಠ್ಯಗಳಲ್ಲಿ ಜಪಾನ್, ಅಮೆರಿಕ, ಜರ್ಮನಿಗಳ ಉದಾಹರಣೆಗಳಿರುತ್ತವೆ. ಆದರೆ ಇದೇ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆ ಉತ್ತರ ಹುಡುಕಿದ ಒಂದು ವರ್ತಕ ಸಂಘ ಬಾಗಲಕೋಟೆ ಜಿಲ್ಲೆಯ ಒಂದು ಊರಿನ ಹೆಸರನ್ನು ಹೊತ್ತಿತ್ತು. ಆ ಊರು ಐಹೊಳೆ. ಆ ಸಂಘವೇ ಅಯ್ಯಾವೊಳೆಯ ಐನೂರ್ವರು.

ಗುಡಿಗಳ ಊರು, ವರ್ತಕರ ಊರು

ಐಹೊಳೆ ಇರುವುದು ಹುನಗುಂದ ತಾಲ್ಲೂಕಿನಲ್ಲಿ, ಮಲಪ್ರಭಾ ನದಿಯ ದಡದಲ್ಲಿ. ಬಾದಾಮಿಯಿಂದ ಪಟ್ಟದಕಲ್ಲಿನ ಮಾರ್ಗವಾಗಿ ಬಂದರೂ ಸರಿ, ಹುನಗುಂದದ ಕಡೆಯಿಂದ ಬಂದರೂ ಸರಿ, ಕೆಂಪು ಮರಳುಗಲ್ಲಿನ ಗುಡ್ಡಗಳು ನಿಮ್ಮ ಜೊತೆಯಲ್ಲಿಯೇ ಬರುತ್ತವೆ. ಇಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಶಾಲೆಯ ಪ್ರವಾಸದಲ್ಲಿ ಬಂದ ಮಕ್ಕಳು ದುರ್ಗ ಗುಡಿಯನ್ನೂ ಲಾಡಖಾನ ಗುಡಿಯನ್ನೂ ನೋಡಿ, "ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು" ಎಂದು ಟಿಪ್ಪಣಿ ಬರೆದುಕೊಂಡು ಬಸ್ಸು ಹತ್ತುತ್ತಾರೆ. ಅದು ನಿಜವೇ. ಆದರೆ ಈ ಊರಿಗೆ ಇನ್ನೊಂದು ಚರಿತ್ರೆಯಿದೆ, ಅದು ಟಿಪ್ಪಣಿಯಲ್ಲಿ ಸೇರುವುದು ಅಪರೂಪ.

ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನು. ಅಲ್ಲಿಂದ ಮುಂದೆ ಎರಡು ಶತಮಾನಗಳ ಕಾಲ ಈ ಪ್ರದೇಶ ದಖ್ಖನಿನ ರಾಜಕೀಯದ ನಡುಗಂಬವಾಗಿತ್ತು. ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿರುವ, ಕ್ರಿ.ಶ. 634ರ ರವಿಕೀರ್ತಿಯ ಶಾಸನವು ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಹೇಳುತ್ತದೆ. ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ಅವನ ಹಡಗುಗಳು ಮುತ್ತಿದ ಸಂಗತಿಯೂ ಅದರಲ್ಲಿದೆ. ಸಮುದ್ರದಿಂದ ಬಲುದೂರವಿದ್ದ ಈ ಒಳನಾಡಿಗೆ ಸಮುದ್ರದ ಮಹತ್ವ ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಇದೇ ಕಾಲದ ಒಂದು ಪ್ರಸಂಗ ನಮ್ಮ ವಿಷಯಕ್ಕೆ ಹತ್ತಿರವಾದುದು. ಪರ್ಷಿಯಾದ ದೊರೆ ಎರಡನೆಯ ಖುಸ್ರೊನ ಆಳ್ವಿಕೆಯ 36ನೆಯ ವರ್ಷದಲ್ಲಿ, ಎಂದರೆ ಕ್ರಿ.ಶ. 625ರ ಸುಮಾರಿನಲ್ಲಿ, ಭಾರತದ ಒಬ್ಬ ರಾಜನಿಂದ ಕಾಣಿಕೆಗಳೂ ಪತ್ರಗಳೂ ಬಂದವೆಂದು ಚರಿತ್ರಕಾರ ಅಲ್ ತಬರಿ ಬರೆದಿದ್ದಾನೆ. ಆ ರಾಜನು ಇಮ್ಮಡಿ ಪುಲಕೇಶಿಯೇ ಎಂದು ಹಲವು ಇತಿಹಾಸಕಾರರು ಗುರುತಿಸಿದ್ದಾರೆ. ಒಂದು ಪತ್ರ ರಾಜಕುಮಾರನ ಹೆಸರಿಗೆ ಬಂದಿತ್ತು, ಭಾರತೀಯ ಭಾಷೆಯಲ್ಲಿತ್ತು. ಅದರಲ್ಲಿ ಏನಿದೆ ಎಂದು ತಿಳಿಯಲು ಖುಸ್ರೊ ಭಾರತೀಯ ಲಿಪಿಕಾರನೊಬ್ಬನನ್ನು ಕರೆಸಿ ಓದಿಸಬೇಕಾಯಿತು. ಗಮನಿಸಿ: ಎರಡು ಸಾಮ್ರಾಜ್ಯಗಳ ನಡುವಿನ ಸಂಬಂಧವು ಕೊನೆಗೆ ಎರಡು ಭಾಷೆ ಬಲ್ಲ ಒಬ್ಬ ಬರಹಗಾರನ ಕೈಯಲ್ಲಿತ್ತು. ಇಂಥ ನಡುವಿನ ಜನ ಇಲ್ಲದಿದ್ದರೆ ರಾಜನ ಆನೆಯೂ ಸಾಗದು, ವರ್ತಕನ ಮೂಟೆಯೂ ಸಾಗದು.

ಐನೂರ್ವರು ಯಾರು?

ಐಹೊಳೆಗೆ ಶಾಸನಗಳಲ್ಲಿ ಅಯ್ಯಾವೊಳೆ, ಆರ್ಯಪುರ, ಅಹಿಚ್ಛತ್ರ ಎಂಬ ಹೆಸರುಗಳಿವೆ. ಲಾಡಖಾನ ಗುಡಿಯ 8ನೆಯ ಶತಮಾನದ ಬರಹದಲ್ಲಿ ಈ ಊರಿನ ಐನೂರು ಚತುರ್ವೇದಿಗಳ ಮಹಾಸಭೆಯ ಉಲ್ಲೇಖವಿದೆ. ಮುಂದಿನ ಶತಮಾನಗಳಲ್ಲಿ 'ಐನೂರ್ವರು' ಎಂಬ ಹೆಸರು ವರ್ತಕರ ಒಂದು ದೊಡ್ಡ ಒಕ್ಕೂಟಕ್ಕೆ ನಿಂತಿತು. ಐನೂರು ಎಂಬುದು ತಲೆಯೆಣಿಕೆಯಲ್ಲ, ಅದೊಂದು ಸಂಸ್ಥೆಯ ಹೆಸರು. ಅದರೊಳಗೆ ಸೆಟ್ಟಿಗಳು, ಗವರೆಗಳು, ಗಾತ್ರಿಗರು, ಮುಮ್ಮುರಿದಂಡರು ಮೊದಲಾದ ಅನೇಕ ಗುಂಪುಗಳಿದ್ದವು. ಹಲವು ನಾಡುಗಳಲ್ಲಿ ತಿರುಗುವವರಿಗೆ ನಾನಾದೇಶಿಗಳೆಂಬ ಹೆಸರಿತ್ತು.

ಇವರ ವ್ಯಾಪಾರದ ವಿಸ್ತಾರ ಎಷ್ಟಿತ್ತು? ಶಿಕಾರಿಪುರದ 11ನೆಯ ಶತಮಾನದ ಒಂದು ಶಾಸನ ಇದನ್ನು ವರ್ಣಿಸುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳ, ಪಾರಸ ಮುಂತಾದ ದೇಶಗಳ ಹೆಸರುಗಳು ಅಲ್ಲಿವೆ. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ ಇವು ಸರಕುಗಳು. ಸಗಟಾಗಿ ಮಾರುವವರೂ ಇದ್ದರು, ಹೆಗಲ ಮೇಲೆ ಹೊತ್ತು ಬೀದಿಬೀದಿ ಮಾರುವವರೂ ಇದ್ದರು. ಕತ್ತೆ, ಕೋಣಗಳು ಅವರ ಸಾಗಣೆಯ ವಾಹನಗಳು. ಪ್ರಶಸ್ತಿಶಾಸನ ಎಂದಮೇಲೆ ಹೊಗಳಿಕೆ ಸ್ವಲ್ಪ ಇದ್ದೇ ಇರುತ್ತದೆ. ಆದರೆ ಸರಕುಗಳ ಪಟ್ಟಿ ಸುಳ್ಳಲ್ಲ. ಕರ್ಪೂರ ಬರುತ್ತಿದ್ದದ್ದು ಸುಮಾತ್ರಾದ ಕಡೆಯಿಂದ, ಒಳ್ಳೆಯ ಕುದುರೆ ಅರಬ್ ಮತ್ತು ಪರ್ಷಿಯಾ ತೀರಗಳಿಂದ, ಕಸ್ತೂರಿ ಹಿಮಾಲಯದಾಚೆಯಿಂದ. ಹೀಗೆ ಬೇರೆ ಬೇರೆ ಮಾತು, ಮತ, ರೂಢಿಗಳ ಜನರ ಕೈಯಿಂದ ಕೈಗೆ ದಾಟಿದ ಮೇಲೆಯೇ ಒಂದು ಚಿಟಿಕೆ ಕರ್ಪೂರ ನಮ್ಮ ನಾಡಿನ ಮಂಗಳಾರತಿಯ ತಟ್ಟೆಗೆ ಬರುತ್ತಿತ್ತು.

ಇಷ್ಟು ಭಿನ್ನತೆಗಳನ್ನು ಅವರು ಹೇಗೆ ದಾಟಿದರು ಎಂಬುದನ್ನು ಈಗ ಒಂದೊಂದಾಗಿ ನೋಡೋಣ.

ಮೊದಲನೆಯ ತೊಡಕು: ಮಾತು

ಕನ್ನಡ ನಾಡಿನಲ್ಲಿ ಐನೂರ್ವರ ಶಾಸನಗಳು ಕನ್ನಡದಲ್ಲಿವೆ. ತಮಿಳು ನಾಡಿನಲ್ಲಿ ಅವು ತಮಿಳಿನಲ್ಲಿವೆ, ಆಂಧ್ರದಲ್ಲಿ ತೆಲುಗಿನಲ್ಲಿವೆ. ಹೆಸರು ಕೂಡ ನಾಡಿಗೆ ತಕ್ಕಂತೆ ವೇಷ ಬದಲಿಸಿತು. ತಮಿಳಿನಲ್ಲಿ ಇವರು 'ಸಾವಿರ ದಿಕ್ಕುಗಳ ಐನೂರ್ವರು' ಎಂಬ ಅರ್ಥದ ಹೆಸರನ್ನು ಪಡೆದರು. ಆದರೆ ಭಾಷೆ ಯಾವುದಾದರೂ ಶಾಸನದ ಆರಂಭದ ಪ್ರಶಸ್ತಿಯ ಚೌಕಟ್ಟು ಬಹುಮಟ್ಟಿಗೆ ಒಂದೇ. ಲೋಕದಲ್ಲಿ ಹೆಸರಾದವರು, ಐನೂರು ವೀರಶಾಸನಗಳನ್ನು ಪಡೆದವರು, ವೀರಬಣಂಜು ಧರ್ಮವನ್ನು ಪಾಲಿಸುವವರು, ಅಯ್ಯಾವೊಳೆಯ ಪರಮೇಶ್ವರಿಯ ಮಕ್ಕಳು ಎಂಬ ಮಾತುಗಳು ನಾಡಿನಿಂದ ನಾಡಿಗೆ ಮರಳಿ ಬರುತ್ತವೆ.

ಇದರ ಪ್ರಯೋಜನವನ್ನು ತಿಳಿಯುವುದು ಕಷ್ಟವಲ್ಲ. ಹೊಸ ಊರಿನ ಜನ ತಮ್ಮ ಭಾಷೆಯಲ್ಲಿಯೇ ಕರಾರನ್ನು ಓದಬಹುದು ಅಥವಾ ಓದಿಸಿ ಕೇಳಬಹುದು. ಅದೇ ವೇಳೆಗೆ ದೂರದಿಂದ ಬಂದ ಸಂಘದ ಸದಸ್ಯನು ಆ ಪ್ರಶಸ್ತಿಯನ್ನು ಕೇಳಿದೊಡನೆ, ಇವರು ನಮ್ಮವರೇ ಎಂದು ಗುರುತಿಸಬಹುದು. ನಡೆನುಡಿಯಲ್ಲಿ ಊರಿಗೆ ಹೊಂದಿಕೊಳ್ಳುವುದು, ನಿಯಮದಲ್ಲಿ ಸಂಘಕ್ಕೆ ಬದ್ಧವಾಗಿರುವುದು: ಇದು ಅವರ ಮೊದಲ ಸೂತ್ರವಾಗಿತ್ತು.

ಎರಡನೆಯ ತೊಡಕು: ಅಳತೆ ಮತ್ತು ಕರಾರು

ಆ ಕಾಲದಲ್ಲಿ ನಾಡಿಗೊಂದು ಅಳತೆ, ಪಟ್ಟಣಕ್ಕೊಂದು ಕೊಳಗ ಇದ್ದವು. ನಮ್ಮಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕವಿತ್ತು. ಹಾಗ ಎಂದರೆ ಪಣದ ಕಾಲುಭಾಗ, ವೀಸ ಎಂದರೆ ಹದಿನಾರನೆಯ ಒಂದು ಭಾಗ. ಗಡಿ ದಾಟಿದರೆ ಈ ಲೆಕ್ಕ ನಡೆಯದು. ಇದಕ್ಕೆ ಸಂಘದ ಪರಿಹಾರ ಹೀಗಿತ್ತು: ಒಂದು ಪಟ್ಟಣದಲ್ಲಿ ಸಭೆ ಸೇರುವುದು, ಯಾವ ಸರಕಿನ ಒಂದು ಹೇರಿಗೆ ಎಷ್ಟು ಸಲ್ಲಬೇಕೆಂದು ನಿರ್ಧರಿಸುವುದು, ಅದನ್ನು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಕೆತ್ತಿಸುವುದು. ತಮಿಳುನಾಡಿನ ಪಿರಾನ್‌ಮಲೆಯ 13ನೆಯ ಶತಮಾನದ ಶಾಸನದಲ್ಲಿ ಉಪ್ಪು, ಅಕ್ಕಿ, ಮೆಣಸು, ಅಡಕೆ, ಕಬ್ಬಿಣ, ಹತ್ತಿ, ನೂಲುಗಳಿಂದ ಹಿಡಿದು ಕುದುರೆ, ಆನೆಗಳವರೆಗೆ ಇಂಥ ಪಟ್ಟಿಯಿದೆ. ಆ ಹಣ ಹೋದದ್ದು ಊರಿನ ದೇವಾಲಯಕ್ಕೆ.

ಇದಕ್ಕಿಂತ ಸ್ವಾರಸ್ಯಕರವಾದ ಕಲ್ಲು ಸಮುದ್ರದಾಚೆ ಇದೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಪಶ್ಚಿಮ ತೀರದಲ್ಲಿ ಬಾರುಸ್ ಎಂಬ ರೇವು ಇದೆ. ಕರ್ಪೂರಕ್ಕೆ ಹೆಸರಾದ ಊರು ಅದು. ಅಲ್ಲಿನ ಭಾಷೆಯಲ್ಲಿ ಇಂದಿಗೂ ಕರ್ಪೂರದ ಹೆಸರಿನೊಡನೆ ಆ ಊರಿನ ಹೆಸರು ಅಂಟಿಕೊಂಡಿದೆ. ಅದರ ಬಳಿಯ ಲೋಬು ತುವಾ ಎಂಬಲ್ಲಿ 1873ರಲ್ಲಿ ಒಂದು ತಮಿಳು ಶಾಸನ ದೊರೆಯಿತು. ಅದರ ಕಾಲ ಶಕ 1010, ಎಂದರೆ ಕ್ರಿ.ಶ. 1088. ಅದು ಈಗ ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಹಾಕಿಸಿದವರು ಸಾವಿರ ದಿಕ್ಕುಗಳ ಐನೂರ್ವರು.

ಆ ಕಲ್ಲು ಹೇಳುವುದೇನು? ವರ್ತಕರು ಬಾರುಸ್‌ನಲ್ಲಿ ಸಭೆ ಸೇರಿ ಒಂದು ನಿಯಮ ಮಾಡಿದರು. ಹಡಗಿನ ನಾಯಕನೂ ಅವನ ಜನರೂ ಕಸ್ತೂರಿಯ ಬೆಲೆಗೆ ಅನುಸಾರವಾಗಿ ಚಿನ್ನದಲ್ಲಿ ಗೊತ್ತಾದ ಸುಂಕ ಸಲ್ಲಿಸಬೇಕು. ಆ ಮೇಲೆಯೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕು. ಬಟ್ಟೆ ಹಾಸುವುದು ಸ್ವಾಗತದ ಗುರುತು. ಯಾರ ನಾಣ್ಯವೂ ಎಲ್ಲರಿಗೂ ಒಪ್ಪಿಗೆಯಾಗದ ರೇವಿನಲ್ಲಿ ಅವರು ಎಲ್ಲರೂ ಬಲ್ಲ ಎರಡು ವಸ್ತುಗಳನ್ನು ಅಳತೆಗೋಲಾಗಿ ಆರಿಸಿದರು: ಚಿನ್ನ ಮತ್ತು ಕಸ್ತೂರಿ. ದನದ ಸಂತೆಯಲ್ಲಿ ಬಟ್ಟೆ ಬೆಲೆಯನ್ನು ಮರೆಮಾಡುತ್ತದೆ. ಬಾರುಸ್‌ನಲ್ಲಿ ಬಟ್ಟೆ ನಿಯಮವನ್ನು ಎಲ್ಲರ ಕಣ್ಣಿಗೂ ಕಾಣಿಸಿತು. ಪರಿಚಿತರ ನಡುವೆ ಗುಟ್ಟು ನಡೆದೀತು. ಅಪರಿಚಿತರ ನಡುವೆ ಬಹಿರಂಗವೇ ಆಗಬೇಕು.

ಮೂರನೆಯ ತೊಡಕು: ದೇವರು

ಪರದೇಶಕ್ಕೆ ಹೋದ ವರ್ತಕನು ಒಂದೆರಡು ದಿನಗಳಲ್ಲಿ ಮರಳುತ್ತಿರಲಿಲ್ಲ. ಹಡಗುಗಳು ಮಳೆಗಾಲದ ಗಾಳಿಯನ್ನು ನಂಬಿ ನಡೆಯುತ್ತಿದ್ದವು. ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಅನ್ಯರ ಊರಿನಲ್ಲಿ ಕಾಯಬೇಕು. ಅಲ್ಲಿ ಅವನ ಪೂಜೆ ಹೇಗೆ? ಅವನ ಹಬ್ಬ ಹೇಗೆ? ಆ ಊರಿನ ದೇವರನ್ನು ಅವನು ಹೇಗೆ ಕಾಣಬೇಕು?

ಐಹೊಳೆಯ ಗುಡ್ಡವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಗುಡ್ಡದ ಮೇಲ್ಗಡೆ ಮೇಗುಟಿಯ ಜೈನ ಬಸದಿ, ಅದಕ್ಕೆ ಸ್ವಲ್ಪ ಕೆಳಗೆ ಬೌದ್ಧರ ಎರಡಂತಸ್ತಿನ ಗುಹಾಮಂದಿರ, ಊರಿನಂಚಿನಲ್ಲಿ ಶೈವರ ರಾವಣಫಡಿ. ಬಾದಾಮಿಯ ಬಂಡೆಯಲ್ಲಿಯೂ ಶೈವ, ವೈಷ್ಣವ, ಜೈನ ಗುಹೆಗಳು ಒಂದೇ ಮೆಟ್ಟಿಲುಸಾಲಿನಲ್ಲಿವೆ. ಭಿನ್ನ ಮತಗಳು ನೆರೆಹೊರೆಯಾಗಿ ಬದುಕುವುದನ್ನು ಕಂಡ ನಾಡು ಇದು. ಐನೂರ್ವರಲ್ಲಿಯೂ ಎಲ್ಲ ಮತದವರಿದ್ದರು. ಕನ್ನಡ ನಾಡಿನಲ್ಲಿ ಅವರು ಶಿವಾಲಯಕ್ಕೂ ಬಸದಿಗೂ ದತ್ತಿ ಕೊಟ್ಟಿದ್ದಾರೆ. ಸಂಘವನ್ನು ಕಟ್ಟಿದ್ದು ಒಂದು ಮತವಲ್ಲ, ಬಣಂಜು ಧರ್ಮವೆಂಬ ವ್ಯಾಪಾರದ ನೀತಿ.

ಈ ಅಭ್ಯಾಸ ಹೊರನಾಡಿನಲ್ಲಿ ಕೆಲಸಕ್ಕೆ ಬಂತು. ಬರ್ಮಾದ ಪಗಾನ್ ಬೌದ್ಧ ರಾಜ್ಯದ ರಾಜಧಾನಿ. ಅಲ್ಲಿ 13ನೆಯ ಶತಮಾನದಲ್ಲಿ ನಾನಾದೇಶಿ ವರ್ತಕರ ಹೆಸರಿನ ಒಂದು ವಿಷ್ಣು ದೇವಾಲಯವಿತ್ತು. ಕೇರಳದ ಕರಾವಳಿಯಿಂದ ಬಂದ ಒಬ್ಬನು ಅದಕ್ಕೆ ಮಂಟಪ, ಬಾಗಿಲು ಮತ್ತು ದೀಪವನ್ನು ಕೊಟ್ಟ ಸಂಗತಿಯನ್ನು ಶಾಸನ ದಾಖಲಿಸಿದೆ. ಬೌದ್ಧ ದೊರೆಯ ನೆಲದಲ್ಲಿ ವಿಷ್ಣುವಿಗೆ ಗುಡಿ. ಅದರ ಹೆಸರು ನಾನಾದೇಶಿಗಳದು, ದೀಪ ಮಲೆಯಾಳದವನದು. ಶ್ರೀಲಂಕೆಯಲ್ಲಿ ಇದಕ್ಕೆ ಪ್ರತಿಯಾದ ಉದಾಹರಣೆಯಿದೆ. ಪೊಲೊನ್ನರುವದಲ್ಲಿ ಬುದ್ಧನ ದಂತಧಾತುವಿನ ಮಂದಿರವನ್ನು ಕಾಯುವ ಹೊಣೆಯನ್ನು 12ನೆಯ ಶತಮಾನದ ಆರಂಭದಲ್ಲಿ ವೇಳೈಕ್ಕಾರ ಪಡೆಯವರು ಹೊತ್ತರು. ಆ ಒಪ್ಪಂದದ ಶಾಸನದಲ್ಲಿ ವಲಂಜಿಯರ್ ಮತ್ತು ನಗರತ್ತಾರ್ ಎಂಬ ವರ್ತಕ ಸಮೂಹಗಳ ಹೆಸರೂ ಇದೆ. ದೂರದಿಂದ ಬಂದವರು ಆ ನಾಡಿನ ಜನರ ಅತ್ಯಂತ ಪವಿತ್ರ ವಸ್ತುವಿನ ರಕ್ಷಣೆಗೆ ಮಾತು ಕೊಟ್ಟರು.

ನಮ್ಮ ನಾಡಿಗೆ ಬಂದ ಪರದೇಶಿಗಳ ವಿಚಾರವೂ ಹೀಗೆಯೇ. ಮಾನ್ಯಖೇಟದ ರಾಷ್ಟ್ರಕೂಟರ ಕಾಲದಲ್ಲಿ ಕೊಂಕಣ ತೀರದ ಸಂಜಾನ್ ಪ್ರದೇಶವನ್ನು ಆಳಲು ನೇಮಕಗೊಂಡವನು ಒಬ್ಬ ಅರಬ್ಬಿ. ಚಿಂಚಣಿಯ ಕ್ರಿ.ಶ. 926ರ ತಾಮ್ರಪಟದಲ್ಲಿ ಅವನ ಹೆಸರು ಮಧುಮತಿ ಎಂದಿದೆ, ಅದು ಮುಹಮ್ಮದ್ ಎಂಬುದರ ಸಂಸ್ಕೃತ ರೂಪ. ಅವನು ಜನರಿಗೆ ನದಿ ದಾಟಲು ಉಚಿತ ದೋಣಿಯನ್ನೂ ಅನ್ನಸತ್ರವನ್ನೂ ಏರ್ಪಡಿಸಿದನು; ದೊರೆಯ ಒಪ್ಪಿಗೆ ಪಡೆದು ದೇವಿಯ ಮಠವೊಂದಕ್ಕೆ ಭೂಮಿ ಬಿಟ್ಟುಕೊಟ್ಟನು. ಅರಬ್ಬೀ ಹಡಗುಗಳು ಬಂದುಹೋಗುವ ತೀರಕ್ಕೆ ಅರಬ್ಬೀ ಭಾಷೆಯನ್ನೂ ನಮ್ಮ ರೂಢಿಯನ್ನೂ ಬಲ್ಲ ಅಧಿಕಾರಿ ಬೇಕೆಂಬುದನ್ನು ರಾಷ್ಟ್ರಕೂಟರು ಅರಿತಿದ್ದರು.

ಎಲ್ಲವೂ ಸುಗಮವಾಗಿತ್ತೆ?

ಇಲ್ಲಿಯವರೆಗೆ ಕೇಳಿದ್ದನ್ನು ನೋಡಿ, ಆ ಕಾಲವು ಸೌಹಾರ್ದದ ಚಿನ್ನದ ಯುಗವಾಗಿತ್ತು ಎಂದು ತೀರ್ಮಾನಿಸುವುದು ಸರಿಯಲ್ಲ. ಚರಿತ್ರೆಯ ವಿದ್ಯಾರ್ಥಿ ನಾಣ್ಯದ ಎರಡೂ ಮುಖಗಳನ್ನು ನೋಡಬೇಕು.

ಮೊದಲನೆಯದಾಗಿ, ಐನೂರ್ವರು ಬರಿಗೈಯಲ್ಲಿ ತಿರುಗಿದವರಲ್ಲ. ದಾರಿಯಲ್ಲಿ ಕಳ್ಳರ ಭಯವಿತ್ತು, ಅವರ ಜೊತೆ ಆಯುಧಧಾರಿಗಳಿರುತ್ತಿದ್ದರು. ತಮ್ಮನ್ನು ಕಾಪಾಡಿದ ವೀರರಿಗೆ ಅವರು ಊರುಗಳಲ್ಲಿ ವಿಶೇಷ ಮರ್ಯಾದೆ ನೀಡಿದ ಶಾಸನಗಳಿವೆ. ಪ್ರಶಸ್ತಿಯಲ್ಲಿನ 'ವೀರ' ಎಂಬ ಮಾತು ಬರಿಯ ಅಲಂಕಾರವಾಗಿರಲಿಲ್ಲ.

ಎರಡನೆಯದಾಗಿ, ವ್ಯಾಪಾರದ ಬಿಕ್ಕಟ್ಟು ಯುದ್ಧಕ್ಕೆ ತಿರುಗಿದ್ದೂ ಉಂಟು. ಕ್ರಿ.ಶ. 1025ರಲ್ಲಿ ರಾಜೇಂದ್ರ ಚೋಳನ ನೌಕಾಸೇನೆ ಸುಮಾತ್ರಾದ ಶ್ರೀವಿಜಯ ಸಾಮ್ರಾಜ್ಯದ ಮೇಲೆ ದಾಳಿ ಮಾಡಿತು. ಚೀನದ ಕಡೆಯ ವ್ಯಾಪಾರಮಾರ್ಗದ ಹಿಡಿತ ಇದರ ಒಂದು ಮುಖ್ಯ ಕಾರಣವೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಬಾರುಸ್‌ನ ಕಲ್ಲು ನೆಟ್ಟದ್ದು ಇದಾದ 63 ವರ್ಷಗಳ ನಂತರ. ಖಡ್ಗ ಹಿಂತಿರುಗಿದ ಮೇಲೆಯೂ ವರ್ತಕರು ಅದೇ ದ್ವೀಪದಲ್ಲಿ ಕುಳಿತು ಸುಂಕ, ಚಿನ್ನ, ಕಸ್ತೂರಿಗಳ ಕರಾರು ಬರೆಯಬೇಕಾಯಿತು.

ಮೂರನೆಯದು ಕುದುರೆಯ ಕಥೆ. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡಿಗೆ ಬಂದ ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೊ ಇದನ್ನು ಬರೆದಿದ್ದಾನೆ. ಅಲ್ಲಿನ ಅರಸರು ಪ್ರತಿವರ್ಷ ಸಾವಿರಗಟ್ಟಲೆ ಕುದುರೆಗಳನ್ನು ಅರಬ್ ಮತ್ತು ಪರ್ಷಿಯಾ ವರ್ತಕರಿಂದ ಭಾರಿ ಬೆಲೆಗೆ ಕೊಳ್ಳುತ್ತಿದ್ದರು. ವರ್ಷ ಕಳೆಯುವುದರೊಳಗೆ ಹೆಚ್ಚಿನ ಕುದುರೆಗಳು ಸಾಯುತ್ತಿದ್ದವು. ಅವುಗಳಿಗೆ ಬೇಯಿಸಿದ ಅನ್ನ ಮಾಂಸಗಳನ್ನು ತಿನ್ನಿಸುತ್ತಿದ್ದರು. ಲಾಳ ಹೊಡೆದು ಉಪಚರಿಸಬಲ್ಲವರು ಅಲ್ಲಿರಲಿಲ್ಲ. ಅಂಥವರು ಆ ನಾಡಿಗೆ ಹೋಗದಂತೆ ವರ್ತಕರೇ ತಡೆಯುತ್ತಿದ್ದರು, ಕುದುರೆ ಸತ್ತಷ್ಟೂ ಮಾರಾಟ ಹೆಚ್ಚು ಎಂಬುದು ಅವರ ಲೆಕ್ಕ, ಎಂದು ಪೋಲೊ ಹೇಳುತ್ತಾನೆ.

ಪ್ರವಾಸಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಅದರಲ್ಲಿರುವ ಎಚ್ಚರಿಕೆ ನಿಜವಾದುದು. ಸರಕು ದೇಶ ದಾಟಿತು, ಅದನ್ನು ಸಾಕುವ ತಿಳಿವಳಿಕೆ ದಾಟಲಿಲ್ಲ. ಒಬ್ಬರ ಅಜ್ಞಾನ ಇನ್ನೊಬ್ಬರ ಲಾಭವಾಯಿತು. ಸಂಸ್ಕೃತಿಯ ಭೇದವನ್ನು ತಿಳಿದವನು ಅದನ್ನು ಸೇತುವೆಯಾಗಿಯೂ ಬಳಸಬಹುದು, ಬಲೆಯಾಗಿಯೂ ಬಳಸಬಹುದು. ಆದ್ದರಿಂದ ಭೇದವನ್ನು ತಿಳಿಯುವುದಷ್ಟೇ ಸಾಲದು, ಇಬ್ಬರಿಗೂ ಒಪ್ಪಿತವಾದ ನೀತಿ ಬೇಕು.

ಅಂಥ ನೀತಿಗೆ ಒಂದು ಒಳ್ಳೆಯ ಉದಾಹರಣೆ ಆಂಧ್ರ ತೀರದ ಮೋಟುಪಲ್ಲಿಯಲ್ಲಿದೆ. ಬಿರುಗಾಳಿಗೆ ಸಿಕ್ಕಿ ತೀರಕ್ಕೆ ಬಿದ್ದ ಹಡಗಿನ ಸರಕನ್ನು ಆ ನೆಲದ ರಾಜ ಕಸಿದುಕೊಳ್ಳುವುದು ಹಳೆಯ ರೂಢಿಯಾಗಿತ್ತು. ಪರದೇಶದ ವರ್ತಕನಿಗೆ ಇದು ದರೋಡೆ, ರಾಜನಿಗೆ ಇದು ಹಕ್ಕು. ಕಾಕತೀಯ ಗಣಪತಿದೇವನು ಕ್ರಿ.ಶ. 1244ರ ಸುಮಾರಿನಲ್ಲಿ ಅಭಯಶಾಸನ ಹಾಕಿಸಿ, ಇನ್ನು ಮುಂದೆ ಗೊತ್ತಾದ ಸುಂಕವನ್ನಷ್ಟೇ ತೆಗೆದುಕೊಳ್ಳುವುದಾಗಿ ಸಮುದ್ರವರ್ತಕರಿಗೆ ಮಾತು ಕೊಟ್ಟನು. ಅಭಯ ಎಂದರೆ ಭಯವಿಲ್ಲದಿರುವುದು. ಪರದೇಶದ ವ್ಯಾಪಾರದ ಅಸ್ತಿಭಾರ ಈ ಒಂದು ಶಬ್ದದಲ್ಲಿ ಅಡಗಿದೆ.

ಉಳಿದದ್ದೇನು?

14ನೆಯ ಶತಮಾನದಿಂದ ಮುಂದೆ ಐನೂರ್ವರ ಹೆಸರು ಶಾಸನಗಳಲ್ಲಿ ಕ್ರಮೇಣ ವಿರಳವಾಗುತ್ತದೆ. ಹಳೆಯ ರಾಜ್ಯಗಳು ಅಳಿದವು, ರೇವುಗಳು ಬದಲಾದವು, ಹೊಸ ವರ್ತಕರು ಬಂದರು. ಆದರೆ ಮಾತುಗಳು ಉಳಿದಿವೆ. ಬಣಂಜು ಎಂಬುದು ಬಣಜಿಗ ಎಂಬ ಹೆಸರಿನಲ್ಲಿ ನಮ್ಮ ಊರುಗಳಲ್ಲಿ ಜೀವಂತವಾಗಿದೆ. ಸಂಸ್ಕೃತದ ಶ್ರೇಷ್ಠಿ ನಮ್ಮಲ್ಲಿ ಸೆಟ್ಟಿಯಾಗಿ, ತಮಿಳಿನಲ್ಲಿ ಚೆಟ್ಟಿಯಾಗಿ ನಿಂತಿದೆ.

ಐಹೊಳೆಯ ನೆರೆಹೊರೆಯಿಂದ ಸರಕು ಹೊರದೇಶಕ್ಕೆ ಹೋಗುವುದು ನಿಂತಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಹಡಗು ಹತ್ತಿದೆ. ಇಳಕಲ್ಲಿನ ಸೀರೆ ಕನ್ನಡ ಮತ್ತು ಮರಾಠಿ ಮನೆಗಳ ಪೆಟ್ಟಿಗೆಯಿಂದ ಪರದೇಶದ ಅಂಗಡಿಗಳವರೆಗೆ ಹೋಗಿದೆ. ಈ ಸೀರೆಗೆ ಭೌಗೋಳಿಕ ಸೂಚಿಕೆಯ ನೋಂದಣಿಯೂ ದೊರೆತಿದೆ. ಅಲ್ಲಿನ ನೇಕಾರನ ಮುಂದೆ ಇಂದು ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ನಿಂತಿದೆ. ಟೋಪ ತೆನಿಯ ಕೆಂಪು ಸೆರಗು ನಮಗೆ ಮಂಗಳದ ಗುರುತು. ಮದುವೆಗೆ, ಸೀಮಂತಕ್ಕೆ ಆ ಕೆಂಪಿಲ್ಲದೆ ನಡೆಯದ ಮನೆಗಳಿವೆ. ಸೀರೆ ಉಡುವ ರೂಢಿಯೇ ಇಲ್ಲದ ದೇಶದ ಗಿರಾಕಿಗೆ ಅದು ಬರಿಯ ಒಂದು ಬಣ್ಣ. ಅವನು ಆ ಬಟ್ಟೆಯನ್ನು ಕಿಟಕಿಯ ಪರದೆ ಮಾಡಬಹುದು, ಹೆಗಲಿನ ಶಾಲು ಮಾಡಬಹುದು, ಬಣ್ಣ ಬದಲಿಸೆಂದು ಕೇಳಬಹುದು. ನೇಕಾರನು ಎಷ್ಟು ಬದಲಿಸಬೇಕು, ಯಾವುದನ್ನು ಬದಲಿಸಬಾರದು? ಏನನ್ನೂ ಬದಲಿಸೆನು ಎಂದರೆ ಮಗ್ಗ ನಿಲ್ಲಬಹುದು. ಕೇಳಿದ್ದನ್ನೆಲ್ಲ ಬದಲಿಸಿದರೆ ಅದು ಇಳಕಲ್ಲಿನ ಸೀರೆಯಾಗಿ ಉಳಿಯದು. ಇದು ಪುಸ್ತಕದ ಪ್ರಶ್ನೆಯಲ್ಲ, ಒಂದು ಸಂಸಾರದ ಊಟದ ಪ್ರಶ್ನೆ.

ಇದಕ್ಕೆ ಸಿದ್ಧ ಉತ್ತರ ಚರಿತ್ರೆಯಲ್ಲಿ ಸಿಗುವುದಿಲ್ಲ. ಆದರೆ ಐನೂರ್ವರ ನಡವಳಿಕೆಯಿಂದ ಒಂದು ದಾರಿ ಕಾಣುತ್ತದೆ. ಅವರು ಭಾಷೆ ಬದಲಿಸಿದರು, ಹೆಸರಿನ ರೂಪ ಬದಲಿಸಿದರು, ಅಳತೆ ಬದಲಿಸಿದರು, ಅನ್ಯರ ದೇವರಿಗೆ ಗೌರವ ಕೊಟ್ಟರು. ತಮ್ಮ ಬಣಂಜು ಧರ್ಮವನ್ನೂ, ತಾವು ಅಯ್ಯಾವೊಳೆಯವರು ಎಂಬುದನ್ನೂ ಬಿಟ್ಟುಕೊಡಲಿಲ್ಲ. ಯಾವುದು ರೂಢಿ, ಯಾವುದು ನೀತಿ ಎಂಬ ವಿವೇಕ ಅವರಲ್ಲಿತ್ತು. ರೂಢಿಯಲ್ಲಿ ಬಾಗಿದರು, ನೀತಿಯಲ್ಲಿ ನಿಂತರು.

ಇಳಕಲ್ಲಿಗೆ ಹೋದಾಗ ಒಂದು ಕೈಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ನೂಲೂ ಬೇರೆ ಬೇರೆ. ನೇಕಾರರು ಎಳೆ ಎಳೆಗೂ ಕೊಂಡಿ ಹಾಕಿ ಇವೆರಡನ್ನು ಜೋಡಿಸುತ್ತಾರೆ. ಕೊಂಡಿ ಸಡಿಲವಾದರೆ ಸೆರಗು ನಿಲ್ಲದು. ಪ್ರತಿ ಸೀರೆಗೂ ಈ ಕೆಲಸವನ್ನು ಹೊಸದಾಗಿಯೇ ಮಾಡಬೇಕು, ಹಿಂದಿನ ಸೀರೆಯ ಕೊಂಡಿ ಮುಂದಿನದಕ್ಕೆ ಬರುವುದಿಲ್ಲ. ಎರಡು ನಾಡುಗಳ ನಡುವಿನ ವ್ಯಾಪಾರವೂ ಇಂಥದೇ ಕೆಲಸ.

ಮುಂದಿನ ಪ್ರವಾಸದಲ್ಲಿ ಐಹೊಳೆಗೆ ಹೋದಾಗ ದುರ್ಗ ಗುಡಿಯ ಸುತ್ತು ಮುಗಿಸಿ ಬಸ್ಸು ಹತ್ತುವ ಮುನ್ನ ಲಾಡಖಾನ ಗುಡಿಯ ಬಳಿ ಸ್ವಲ್ಪ ನಿಂತು ನಿಮ್ಮ ಗುರುಗಳನ್ನು ಕೇಳಿ: ಈ ಊರಿನ ಹೆಸರು ಹೊತ್ತವರು ಎಲ್ಲಿಯವರೆಗೆ ಹೋಗಿದ್ದರು? ಅಲ್ಲಿಯ ಜನರೊಡನೆ ಹೇಗೆ ನಡೆದುಕೊಂಡರು? ನಿಮ್ಮಲ್ಲಿ ಹಲವರು ನಾಳೆ ಪರದೇಶದ ಜನರೊಡನೆ ಕೆಲಸ ಮಾಡುವವರೇ. ಅಲ್ಲಿ ಕಾಲಿಡುವ ಮುನ್ನ ಅವರ ರೂಢಿಯನ್ನು ಕೇಳಿ ತಿಳಿಯಿರಿ, ನಿಮ್ಮ ನೀತಿಯನ್ನು ಮೊದಲೇ ಸ್ಪಷ್ಟವಾಗಿ ಹೇಳಿರಿ. ಐಹೊಳೆಯ ವರ್ತಕರು ಬಾರುಸ್‌ನಲ್ಲಿ ಕಲ್ಲು ನೆಟ್ಟು ಮಾಡಿದ ಕೆಲಸವೂ ಅದೇ.